ಮಾಟುಂಗಾದ ಅಕ್ಕಿ ಅಂಗಡಿ: ಗದ್ದೆಯ ಊರು ಕೇಳಿದರೆ ಹೇಳುತ್ತಾರೆ

ಮೊಮ್ಮಗಳಿಗೆ ಏಳು ತಿಂಗಳು. ಅಕ್ಕಿ ಮಣ್ಣಿ ಶುರು ಮಾಡೋಣ ಅಂದಾಗ ಮಗ ಅಕ್ಕಿಯಲ್ಲಿ ಸೇರಿಕೊಳ್ಳುವ ಆರ್ಸೆನಿಕ್ ಎಂಬ ವಿಷದ ಮಾತು ತೆಗೆದ. ಅಂದಿನಿಂದ ಅಕ್ಕಿ ತರುವಾಗ ನಾನು ಕೇಳುವುದು ಎರಡೇ: ಎಲ್ಲಿಯ ಗದ್ದೆ, ಯಾವ ಬೆಳೆ? ಮುಲುಂಡಿನಲ್ಲಿ ನಮ್ಮ ಬೀದಿಯ ಅಂಗಡಿಯವರು ಚೀಲ ತೋರಿಸಿದರು. ಅದರ ಮೇಲೆ ಬ್ರಾಂಡ್ ಹೆಸರು ಮಾತ್ರ.

ಮಾಟುಂಗಾ ಮಾರ್ಕೆಟ್ಟಿನ ಈ ಅಂಗಡಿಯವರು ಕಾರ್ಕಳದವರು. "ಅಕ್ಕಾ, ಈ ಕುಚ್ಚಲಕ್ಕಿ ಹೆಬ್ರಿ ಕಡೆಯ ಏಣೇಲು, ಮಳೆನೀರಿನ ಬೆಳೆ. ಅದು ಬಂಗಾಳದ್ದು, ಯಾವ ಬೆಳೆಯೋ ಮಿಲ್ಲಿನವರು ಹೇಳಿಲ್ಲ" ಅಂದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದದ್ದು ನನಗೆ ಬಹಳ ಹಿಡಿಸಿತು.

ಬೆಳೆ ಯಾವುದು ಅನ್ನುವುದು ಸಣ್ಣ ಮಾತಲ್ಲ. ಪಶ್ಚಿಮ ಬಂಗಾಳ, ಬಾಂಗ್ಲಾದೇಶಗಳಲ್ಲಿ ಬೇಸಿಗೆಯ ಬೋರೊ ಭತ್ತಕ್ಕೆ ಹೆಚ್ಚಾಗಿ ಕೊಳವೆಬಾವಿಯ ನೀರು. ಆ ನೀರಿನಲ್ಲಿ ಆರ್ಸೆನಿಕ್ ಇರುವ ಕಡೆ ವರ್ಷವರ್ಷವೂ ಅದು ಗದ್ದೆಯ ಮಣ್ಣಿಗೆ ಇಳಿಯುತ್ತದೆ. ನೀರು ನಿಂತ ಮಣ್ಣಿಗೆ ಗಾಳಿ ಸಿಗದೆ, ಕಬ್ಬಿಣದ ತುಕ್ಕಿಗೆ ಅಂಟಿದ್ದ ಆರ್ಸೆನಿಕ್ ಬಿಡಿಸಿಕೊಂಡು ನೀರಿಗೆ ಬರುತ್ತದೆ. ಭತ್ತದ ಬೇರು ಸಿಲಿಕಾನ್ ಹೀರುವ ದಾರಿಯಲ್ಲೇ ಅದನ್ನೂ ಒಳಗೆಳೆಯುತ್ತದೆ. ಕಾಳಿಗೆ ಬಂದದ್ದು ಒಳಭಾಗಕ್ಕಿಂತ ತೌಡಿನಲ್ಲಿ ಹೆಚ್ಚು ದಟ್ಟವಾಗಿರುತ್ತದೆ. ಆಹಾರಕ್ಕೆ ಅಂತರರಾಷ್ಟ್ರೀಯ ಮಾನದಂಡ ಹಾಕುವ ಕೋಡೆಕ್ಸ್‌ನ ಮಿತಿ (ಹೆಚ್ಚು ವಿಷಕಾರಿಯಾದ ಅಜೈವಿಕ ಆರ್ಸೆನಿಕ್‌ಗೆ) ಪಾಲಿಶ್ ಮಾಡಿದ ಅಕ್ಕಿಗೆ ಕಿಲೋಗೆ 0.2 ಮಿಲಿಗ್ರಾಂ, ತೌಡು ತೆಗೆಯದ ಅಕ್ಕಿಗೆ 0.35. ಹಾಗಾಗಿ ತೌಡು ಉಳಿದಿರುವ ನಮ್ಮ ಕೆಂಪು ಕುಚ್ಚಲಕ್ಕಿ ಒಳ್ಳೆಯದು ಅಂತ ಕಣ್ಣುಮುಚ್ಚಿ ಕೊಳ್ಳುವ ಹಾಗಿಲ್ಲ, ಅದು ಬೆಳೆದ ಮಣ್ಣು ಗೊತ್ತಿರಬೇಕು.

ಅಕ್ಕಿ ಚೆನ್ನಾಗಿದೆ. ಕಲ್ಲಿಲ್ಲ, ಹುಳವಿಲ್ಲ. ಅನ್ನ ಬಿಡಿಬಿಡಿಯಾಗಿ ಅರಳಿತು. ಅಮ್ಮ ಮಾಡುತ್ತಿದ್ದ ಹಾಗೆ ಅಕ್ಕಿಯ ಆರು ಪಾಲು ನೀರಿಟ್ಟು ಬೇಯಿಸಿ ಬಸಿಯುತ್ತೇನೆ. ಹೀಗೆ ಬಸಿದರೆ ಆರ್ಸೆನಿಕ್‌ನ ಒಂದು ಪಾಲು ತಿಳಿಯೊಂದಿಗೆ ಹೋಗುತ್ತದೆ. ಜೊತೆಗೆ ಒಂದಿಷ್ಟು ಬಿ ವಿಟಮಿನ್ ಕೂಡ ಹೋಗುತ್ತದೆ, ಅದು ಬೇಸರವೇ. ಕುಕ್ಕರ್ ಅನ್ನದಲ್ಲಿ ಎಲ್ಲವೂ ಒಳಗೇ ಉಳಿಯುತ್ತದೆ. ಮಗುವಿಗೆ ಮಾತ್ರ ಒಂದು ಹೊತ್ತು ಅಕ್ಕಿ, ಇನ್ನೊಂದು ಹೊತ್ತು ರಾಗಿ ಮಣ್ಣಿ.

ಬೆಲೆ ಕಿಲೋಗೆ 15 ರೂಪಾಯಿ ಹೆಚ್ಚು, ಮನೆಗೆ ತಂದುಕೊಡುವುದಿಲ್ಲ. ಅದಕ್ಕೆ ತಕರಾರಿಲ್ಲ. ಲ್ಯಾಬ್ ವರದಿ ಇಲ್ಲದ್ದಕ್ಕೆ ಒಂದು ಸ್ಟಾರ್ ಕಳೆದಿದ್ದೇನೆ. ಮಳೆನೀರಿನ ಬೆಳೆ ಅನ್ನುವುದು ನಂಬಿಕೆ ಕೊಡುತ್ತದೆ, ಪರೀಕ್ಷೆಯ ಬದಲಿಗೆ ಅದು ಆಗದು. ಇದನ್ನು ಅವರಿಗೇ ಹೇಳಿದೆ. ಮಿಲ್ಲಿನವರನ್ನು ಕೇಳುತ್ತೇನೆ ಅಂತ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡರು. ಮುಂದಿನ ತಿಂಗಳು ಅಕ್ಕಿಗೆ ಹೋದಾಗ ವಿಚಾರಿಸುತ್ತೇನೆ.