ಮಾತ್ರೆ ಡಬ್ಬಿನಾ, ಫೋನ್ ಅಲಾರಮ್ಮಾ?

ಬಿಪಿ, ಶುಗರ್, ಥೈರಾಯ್ಡ್ ಅಂತ ವರ್ಷಗಟ್ಲೆ ಮಾತ್ರೆ ತಗೊಳೋರು ಎರಡರಲ್ಲಿ ಯಾವ್ದು ಆರಿಸ್ಕೋಬೇಕು ಅಂದ್ರೆ, ಮೊದ್ಲು ನೀವು ಎಲ್ಲಿ ತಪ್ತೀರ ನೋಡ್ಕೊಳಿ. ಟೈಮ್ ಮರೆಯೋರಿಗೆ ಅಲಾರಮ್ ಸಾಕು, ಆದ್ರೆ ಅದು ಹೊಡ್ಕೊಂಡಾಗ ಆಫ್ ಮಾಡಿ "ಆಮೇಲೆ ತಗೋತೀನಿ" ಅಂದ್ರೆ ಮುಗೀತು, ನುಂಗಿದ್ರಾ ಇಲ್ವಾ ಅಂತ ಫೋನ್‌ಗೇನು ಗೊತ್ತು. ವಾರದ ಡಬ್ಬಿಲಿ ಆ ಗೊಂದಲ ಇಲ್ಲ, ಮಂಗಳವಾರದ ಖಾನೆ ಖಾಲಿ ಇದ್ರೆ ತಗೊಂಡಾಯ್ತು ಅಂತ, ಎರಡು ಸಲ ನುಂಗೋದೂ ತಪ್ಪುತ್ತೆ. ದಿನಕ್ಕೆ ನಾಲ್ಕೈದು ಥರ ಮಾತ್ರೆ ಇರೋರಿಗೆ ನಾನಂತೂ ಡಬ್ಬಿನೇ ಅಂತೀನಿ.

ಆದ್ರೆ ಎಲ್ಲಾನೂ ಡಬ್ಬಿಗೆ ಸುರಿಯಂಗಿಲ್ಲ. ರಕ್ತ ಹೆಪ್ಪುಗಟ್ಟದಂಗೆ ಕೊಡೋ ಡಾಬಿಗಟ್ರಾನ್ ತೇವಕ್ಕೆ ಹಾಳಾಗುತ್ತೆ, ಒರಿಜಿನಲ್ ಪ್ಯಾಕ್‌ನಲ್ಲೇ ಇರ್ಬೇಕು, ಎದೆನೋವಿಗೆ ನಾಲಿಗೆ ಕೆಳಗಿಡೋ ನೈಟ್ರೋಗ್ಲಿಸರಿನ್ ಕೂಡ ಅದರ ಬಾಟ್ಲಲ್ಲೇ. ತುಂಬುವಾಗ್ಲೇ ತಪ್ಪಿದ್ರೆ ವಾರ ಪೂರ್ತಿ ತಪ್ಪು, ಅದ್ರಲ್ಲೂ ಕೀಲುವಾತಕ್ಕೆ ಕೊಡೋ ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ಸಲ, ದಿನಾ ತಗೊಂಡ್ರೆ ಜೀವಕ್ಕೇ ಅಪಾಯ. ಇಂಥದ್ದಕ್ಕೆ ವಾರದ ಅಲಾರಮ್ ಒಳ್ಳೇದು. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೇಲಿ, ತಿಂಡಿಗೆ ಅರ್ಧ-ಒಂದು ಗಂಟೆ ಮುಂಚೆ, ಅದಕ್ಕೂ ಅಲಾರಮ್ಮೇ.

ಇನ್ನೊಂದು, ವಿಶ್ವ ಆರೋಗ್ಯ ಸಂಸ್ಥೆಯ 2003ರ ವರದಿ ಪ್ರಕಾರ ಮುಂದುವರಿದ ದೇಶಗಳಲ್ಲೂ ದೀರ್ಘಕಾಲದ ಔಷಧಿನ ಹೇಳ್ದಂಗೆ ತಗೊಳೋರು ಸರಾಸರಿ 50% ಅಷ್ಟೇ, ಉಳಿದೋರೆಲ್ಲ ಬರೀ ಮರೆವಿನೋರಲ್ಲ. "ಬಿಪಿ ನಾರ್ಮಲ್ ಆಯ್ತಲ್ಲ" ಅಂತ ಬೇಕಂತ್ಲೇ ಬಿಡೋರಿಗೆ, ಸೈಡ್ ಎಫೆಕ್ಟ್‌ಗೆ ಹೆದ್ರೋರಿಗೆ ಡಬ್ಬಿನೂ ಆಗಲ್ಲ ಅಲಾರಮ್ಮೂ ಆಗಲ್ಲ, ಈ ಮಾತ್ರೆ ಯಾಕೆ, ಎಷ್ಟು ದಿನ ಅಂತ ಡಾಕ್ಟರ್‌ನೋ ಫಾರ್ಮಸಿಸ್ಟ್‌ನೋ ಬಾಯ್ಬಿಟ್ಟು ಕೇಳ್ಲೇಬೇಕು.