ಟಾಪಿಂಗ್ ಲಿಫ್ಟ್ ಬಿಚ್ಚಿ ಎಸೆಯುವ ಮೊದಲು ಓದಿ: ನಾನು ಮೋಸಹೋದ ಬಗೆ

ಚಿಕ್ಕ ಹಾಯಿದೋಣಿಗೆ ರಿಜಿಡ್ ವ್ಯಾಂಗ್, ಅಂದರೆ ಹಾಯಿಯ ಕೆಳ ಅಂಚಿನ ಅಡ್ಡಕೋಲಾದ ಬೂಮನ್ನು ಅಡಿಯಿಂದ ಎತ್ತಿ ಹಿಡಿಯುವ ಕಂಬಿ, ಕೂರಿಸಿ, ಬೂಮಿನ ತುದಿಯನ್ನು ಹಿಡಿದಿರುವ ಟಾಪಿಂಗ್ ಲಿಫ್ಟ್ ಹಗ್ಗವನ್ನು ಬಿಚ್ಚಿಬಿಡಬೇಕೆಂದು ಯೋಚಿಸುತ್ತಿರುವವರು ದಯವಿಟ್ಟು ಹಣ ಕೊಡುವ ಮೊದಲು ಇದನ್ನು ಓದಬೇಕು. ನಾನು ಕೇಳಬೇಕಾದುದನ್ನು ಕೇಳದೆ, ಅಳೆಯಬೇಕಾದುದನ್ನು ಅಳೆಯದೆ ಹಣ ಕೊಟ್ಟವನು. ನನ್ನ ತಮ್ಮನ ತಲೆ ಒಡೆಯದೆ ಉಳಿದದ್ದು ಬರೀ ಅದೃಷ್ಟ. ಹದಿನಾಲ್ಕು ವರ್ಷ ಹಾಯಿ ನಡೆಸಿದವನು ಇಷ್ಟು ಸಲೀಸಾಗಿ ಮೋಸಹೋದೆನಲ್ಲ ಎಂದು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ. ಆದರೆ ಬರೆಯದೆ ಕುಳಿತರೆ ಸಿಟ್ಟು ಇಳಿಯುವಂತಿಲ್ಲ.

ಹಾಯಿ ಪೂರ್ತಿ ಏರಿರುವಾಗ ಬೂಮನ್ನು ಹಾಯಿಯೇ ಎತ್ತಿ ಹಿಡಿದಿರುತ್ತದೆ. ಹಾಯಿ ಇಳಿಸುವುದಕ್ಕಾಗಲಿ, ಗಾಳಿ ಹೆಚ್ಚಿದಾಗ ಅದನ್ನು ಮಡಚಿ ಚಿಕ್ಕದಾಗಿಸಿ ರೀಫ್ ಕಟ್ಟುವುದಕ್ಕಾಗಲಿ, ಹಾಯಿ ಏರಿಸುವ ಹಗ್ಗವಾದ ಹ್ಯಾಲ್ಯಾರ್ಡ್ ಸಡಿಲಿಸಿದ ಗಳಿಗೆಯಿಂದ ಬೂಮಿನ ಭಾರಕ್ಕೆ ಬೇರೊಂದು ಆಸರೆ ಬೇಕು. ಇಲ್ಲವಾದರೆ ಬೂಮ್ ಕಾಕ್‌ಪಿಟ್‌ನಲ್ಲಿ ಕುಳಿತವರ ತಲೆಯ ಮೇಲೆಯೇ ಬರುತ್ತದೆ. ನನ್ನ 22 ಅಡಿಯ ದೋಣಿಯಲ್ಲಿ ಆ ಆಸರೆ, ಹಾಯಿಕಂಬದ ತುದಿಯಿಂದ ಬೂಮಿನ ತುದಿಗೆ ಇಳಿಬಿಟ್ಟ ಒಂದು ಸಾಧಾರಣ ಹಗ್ಗವಾಗಿತ್ತು. ಅದರ ಕಾಟ ಅನುಭವಿಸಿದವರಿಗೇ ಗೊತ್ತು. ಹಾಯಿ ಏರಿಸಿದ ಮೇಲೆ ಸಡಿಲಿಸಲು ಮರೆತರೆ ಹಾಯಿಯ ಹಿಂದಿನ ಅಂಚು ಬಿಗಿಯಾಗುವುದಿಲ್ಲ, ಅತಿಯಾಗಿ ಸಡಿಲಿಸಿದರೆ ದಿಕ್ಕು ಬದಲಿಸುವಾಗ, ಹಾಯಿಕಂಬವನ್ನು ಹಿಂದಿನಿಂದ ಬಿಗಿದಿರುವ ಬ್ಯಾಕ್‌ಸ್ಟೇ ತಂತಿಗೆ ಸುತ್ತಿಕೊಳ್ಳುತ್ತದೆ, ಎರಡೂ ಸರಿಯಾಗಿದ್ದ ದಿನ ಸುಮ್ಮನೆ ಹಾಯಿಗೆ ಉಜ್ಜುತ್ತ ಹೊಲಿಗೆ ತಿನ್ನುತ್ತದೆ. ಎರಡು ಬಾರಿ ಅದೇ ಜಾಗದಲ್ಲಿ ಹೊಲಿಗೆ ಹಾಕಿಸಿ ಬೇಸತ್ತಿದ್ದೆ. ಮಾರುವವರಿಗೆ ಬೇಕಾಗಿದ್ದುದು ಈ ಬೇಸರವೇ.

ಮಾರಾಟಗಾರರು ಕೇಳಿದಂತೆ ನಾನು ಅವರಿಗೆ ದೋಣಿಯ ಮೂರು ಚಿತ್ರಗಳನ್ನು ಕಳುಹಿಸಿದ್ದೆ. ಬೂಮ್ ಹಾಯಿಕಂಬಕ್ಕೆ ಸೇರುವ ಗೂಸ್‌ನೆಕ್ ಕ್ಯಾಬಿನ್ ಚಾವಣಿಗೆ ಎಷ್ಟು ಹತ್ತಿರವಿದೆ ಎಂಬುದು ಆ ಚಿತ್ರಗಳಲ್ಲಿ ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. ಚಿತ್ರ ನೋಡಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: “ದೋಣಿ ಎಷ್ಟು ಅಡಿ, ಸರ್?” ಇಪ್ಪತ್ತೆರಡು ಎಂದೆ. “ಇಪ್ಪತ್ತಾರು ಅಡಿಯವರೆಗೂ ಇದೇ ಸಾಕು ಸರ್, ನಿಮಗೆ ಧಾರಾಳವಾಯಿತು. ಇದನ್ನು ಹಾಕಿದ ಮೇಲೆ ಆ ಹಗ್ಗ ಯಾಕೆ? ಹಗ್ಗ ಕಟ್ಟುವುದೆಲ್ಲ ಹಳೆಯ ಕಾಲದ ಪದ್ಧತಿ” ಎಂದರು. ಬೂಮಿನ ಉದ್ದ ಕೇಳಲಿಲ್ಲ, ತೂಕ ಕೇಳಲಿಲ್ಲ, ವ್ಯಾಂಗ್ ಎಷ್ಟು ಓರೆಯಾಗಿ ನಿಲ್ಲುತ್ತದೆ ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ಧಾರಾಳ ಎಂಬ ಆ ಒಂದು ಮಾತು ನನ್ನ ಬಾಯಿ ಕಟ್ಟಿಹಾಕಿತು.

ಕೂರಿಸಲು ಬಂದ ಕೆಲಸಗಾರ ವಿನಯವಂತ. ಒಂದು ಕೊಳವೆಯೊಳಗೆ ಇನ್ನೊಂದು ಜಾರುವ, ಒಳಗೆ ಗ್ಯಾಸ್ ಸ್ಪ್ರಿಂಗ್ ಇರುವ ಆ ಕಂಬಿಯನ್ನು ಹಾಯಿಕಂಬದ ಬುಡಕ್ಕೂ ಬೂಮಿನ ಅಡಿಗೂ ಜೋಡಿಸಿ, ಕೆಳಗೆಳೆಯುವ ರಾಟೆ ಹಗ್ಗವನ್ನೂ ಕಟ್ಟಿಕೊಟ್ಟು, ಹೋಗುವಾಗ ಖಾಲಿ ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡು, “ಕಸ ನಾನೇ ಒಯ್ಯುತ್ತೇನೆ ಸರ್” ಎಂದ. ಎಂಥ ಒಳ್ಳೆಯ ಹುಡುಗ ಎಂದುಕೊಂಡೆ. ಈ ಪೆಟ್ಟಿಗೆಯ ಮಾತು ನೆನಪಿರಲಿ, ಮುಂದೆ ಬರುತ್ತದೆ. ಅವನು ಹೋದ ಮೇಲೆ ನಾನು ಹಳೆಯ ಟಾಪಿಂಗ್ ಲಿಫ್ಟ್ ಇಳಿಸಿ, ಕತ್ತರಿಸಿ, ಆ ತುಂಡುಗಳಿಂದ ದೋಣಿಯ ಬದಿಗೆ, ದಡಕ್ಕೆ ಉಜ್ಜದಂತೆ ಕಾಯುವ ಫೆಂಡರ್‌ಗಳನ್ನು ಕಟ್ಟಿದೆ. ಪಕ್ಕದ ದೋಣಿಗಳವರಿಗೆ, ನಿಮ್ಮದನ್ನೂ ತೆಗೆಯಿಸಿ ಎಂದು ಉಪದೇಶ ಬೇರೆ ಮಾಡಿದೆ. ಇಬ್ಬರು ನನ್ನ ಮಾತನ್ನು ನಂಬಿ ವಿಚಾರಿಸಲೂ ಹೋಗಿದ್ದರು. ಅವರ ಕ್ಷಮೆಯನ್ನು ಇಲ್ಲಿಯೇ ಕೇಳಿಬಿಡುತ್ತೇನೆ.

ದಡಕ್ಕೆ ಕಟ್ಟಿದ್ದಾಗ, ಒಣ ಹಾಯಿಯೊಡನೆ, ಅಲೆಯಿಲ್ಲದ ನೀರಿನಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ಮೂರನೆಯ ಸಲ ಹೊರಟಾಗ ಮಳೆ ಹಿಡಿಯಿತು, ಗಾಳಿ ಏರಿತು, ಹಾಯಿ ಇಳಿಸಿ ಎಂಜಿನ್‌ನಲ್ಲಿ ಹಿಂದಿರುಗೋಣ ಎಂದೆ. ನಾನು ಹಾಯಿಕಂಬದ ಬಳಿ ಹ್ಯಾಲ್ಯಾರ್ಡ್ ಬಿಡುತ್ತಿದ್ದೆ, ತಮ್ಮ ಕಾಕ್‌ಪಿಟ್‌ನಲ್ಲಿ ಚುಕ್ಕಾಣಿ ಹಿಡಿದು ಕುಳಿತಿದ್ದ. ಹಾಯಿ ಅರ್ಧ ಇಳಿಯುವ ತನಕ ಬೂಮ್ ತಡೆದುಕೊಂಡಿತು. ಒದ್ದೆ ಬಟ್ಟೆಯ ಪೂರ್ತಿ ಭಾರ ಅದರ ಮೇಲೆ ಕೂತು, ದೋಣಿ ಅಲೆಯೊಂದರ ಮೇಲೆ ಒಮ್ಮೆ ಹೊರಳಿದ್ದೇ ತಡ, ಆ ಕಂಬಿ ತನ್ನೊಳಗೆ ತಾನೇ ಸರ್ರನೆ ಜಾರಿಹೋಯಿತು. “ಅಣ್ಣಾ!” ಎಂದು ತಮ್ಮ ಕೂಗಿದ್ದು, ಬೂಮ್ ಹ್ಯಾಚ್‌ನ ಮುಚ್ಚಳಕ್ಕೆ ಬಡಿದದ್ದು, ಎರಡೂ ಒಟ್ಟಿಗೆ ಕೇಳಿಸಿತು. ಅದಕ್ಕೆ ಅರೆಕ್ಷಣ ಮೊದಲು ಅವನು ಕಾಲಿಗೆ ತೊಡರಿದ ಹಗ್ಗ ಬಿಡಿಸಲು ಪಕ್ಕಕ್ಕೆ ವಾಲಿದ್ದ. ಬೂಮಿನ ತುದಿ ಅವನ ಕಿವಿಯನ್ನು ಸವರಿಕೊಂಡು ಹೋಗಿತ್ತು. ಮುಚ್ಚಳ ಎರಡು ಸೀಳಾಯಿತು. ನೆಟ್ಟಗೆ ಕುಳಿತಿದ್ದರೆ ಏನಾಗುತ್ತಿತ್ತು ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ದಾರಿಯುದ್ದಕ್ಕೂ ಬೂಮನ್ನು ಅವನು ಹೆಗಲ ಮೇಲೆ ಹೊತ್ತುಕೊಂಡೇ ಬಂದ.

ಅಂದೇ ಸಂಜೆ ಮಾರಾಟಗಾರರಿಗೆ ಬರೆದೆ. ಅವರ ಉತ್ತರಗಳನ್ನು ಬಂದ ಕ್ರಮದಲ್ಲಿಯೇ ಇಡುತ್ತೇನೆ. ಮೊದಲನೆಯದು: “ಹೊಸದರಲ್ಲಿ ಗ್ಯಾಸ್ ಸ್ವಲ್ಪ ಹೊಂದಿಕೊಳ್ಳಬೇಕು ಸರ್, ನಾಲ್ಕು ಸಲ ಬಳಸಿ ನೋಡಿ.” ನಾಲ್ಕು ಸಲ ಬಳಸಿ ನೋಡಲು ನನಗೆ ನಾಲ್ಕು ಜನ ತಮ್ಮಂದಿರಿಲ್ಲ ಎಂದು ಬರೆದೆ. ಎರಡನೆಯದು: “ನೀವು ರಾಟೆ ಹಗ್ಗವನ್ನು ಅತಿಯಾಗಿ ಬಿಗಿದಿರಬೇಕು.” ಹಾಯಿ ಇಳಿಸುವ ಮೊದಲು ಅದನ್ನು ಪೂರ್ತಿ ಸಡಿಲಿಸಿದ್ದೆ, ಸಡಿಲಿಸದಿದ್ದರೆ ಬೂಮ್ ಮೇಲೇಳುವುದೇ ಇಲ್ಲವೆಂಬುದು ಮಾರುವವರಿಗೆ ತಿಳಿದಿರಬೇಡವೇ? ಮೂರನೆಯದು: “ಇದುವರೆಗೆ ಯಾರೂ ದೂರಿಲ್ಲ.” ನಾಲ್ಕನೆಯದು, ನನ್ನನ್ನು ನಿಜಕ್ಕೂ ಕೆರಳಿಸಿದ್ದು: “ಹಾಯಿ ಒದ್ದೆಯಾಗಿತ್ತು ಎಂದು ನೀವೇ ಹೇಳುತ್ತಿದ್ದೀರಿ, ಸರ್.” ಹಾಯಿದೋಣಿಯ ಹಾಯಿ ಒದ್ದೆಯಾಗಬಾರದಂತೆ! ಇದನ್ನು ನಾನು ಮೂರು ಸಲ ಓದಿದೆ. ತಮ್ಮನಿಗೂ ಓದಿ ಹೇಳಿದೆ. ಅವನು ನಕ್ಕ, ನನಗೆ ನಗು ಬರಲಿಲ್ಲ.

ಆಗ ಬಳಕೆಯ ಸೂಚನೆಗಳ ಹಾಳೆ ನೆನಪಾಯಿತು. ಅಂಥ ಹಾಳೆಯೊಂದು ಪೆಟ್ಟಿಗೆಯಲ್ಲಿ ಇರಲೇಬೇಕು, ಪೆಟ್ಟಿಗೆಯನ್ನೋ ಆ ವಿನಯವಂತ ಹುಡುಗ ಕಸವೆಂದು ಒಯ್ದಿದ್ದ. ಕೇಳಿದೆ, ಎರಡು ದಿನ ಉತ್ತರವಿಲ್ಲ, ಮತ್ತೆ ಮತ್ತೆ ಕೇಳಿದ ಮೇಲೆ ಹಾಳೆಯ ಚಿತ್ರವನ್ನು ಕಳುಹಿಸಿದರು. ಅದರ ಎರಡನೆಯ ಪುಟದಲ್ಲಿ, ಸಣ್ಣ ಅಕ್ಷರಗಳಲ್ಲಿಯೂ ಅಲ್ಲ, ಚೌಕಟ್ಟು ಹಾಕಿ ಮುದ್ರಿಸಿತ್ತು: ಬೂಮಿಗೂ ವ್ಯಾಂಗಿಗೂ ನಡುವಿನ ಕೋನ 45 ಡಿಗ್ರಿಗಿಂತ ಕಡಿಮೆಯಿದ್ದರೆ ಈ ಅಳತೆಯದು ಸಾಲದು, ಮುಂದಿನ ಅಳತೆಯದನ್ನು ಆರಿಸಬೇಕು. ನಾನು ಅಳತೆಪಟ್ಟಿ ಹಿಡಿದು ದೋಣಿಗೆ ಓಡಿದೆ. ನನ್ನದರಲ್ಲಿ ಕೋನ 30 ಡಿಗ್ರಿ. ನಾನು ಮೋಸಹೋದೆನೆಂದು ಮೈಯೆಲ್ಲ ತಿಳಿದದ್ದು ಬೂಮ್ ಬಿದ್ದಾಗಲ್ಲ, ಮಳೆಯಲ್ಲಿ ನೆನೆಯುತ್ತ ಆ ಕೋನವನ್ನು ಎರಡನೆಯ ಸಲ ಅಳೆದಾಗ. ಮೂರು ಚಿತ್ರಗಳಲ್ಲಿಯೂ ಅದು ಕಾಣುತ್ತಿತ್ತು. ಅವರಿಗೂ ಕಾಣುತ್ತಿತ್ತು, ನನಗೂ ಕಾಣುತ್ತಿತ್ತು.

ಲೆಕ್ಕ ದೊಡ್ಡದೇನಲ್ಲ, ಮೊದಲೇ ಮಾಡಬಹುದಿತ್ತು. ನನ್ನ ಬೂಮಿನ ಉದ್ದ 3 ಮೀಟರ್, ಮಡಚಿದ ಒದ್ದೆ ಹಾಯಿಯೂ ಸೇರಿ ತೂಕ ಸುಮಾರು 20 ಕಿಲೋ, ಆ ಭಾರ ಹೆಚ್ಚುಕಡಿಮೆ ನಟ್ಟನಡುವೆ. ತುದಿಯಲ್ಲಿ ಹಗ್ಗ ಕಟ್ಟಿದರೆ ಅರ್ಧ ಭಾರವನ್ನು ಗೂಸ್‌ನೆಕ್ ಹೊರುತ್ತದೆ, ಹಗ್ಗದ ಪಾಲಿಗೆ 10 ಕಿಲೋ, ಅದರ ಓರೆಯನ್ನು ಲೆಕ್ಕಕ್ಕೆ ಹಿಡಿದರೂ 11. ಆದರೆ ವ್ಯಾಂಗ್ ಬೂಮಿಗೆ ಸೇರುವುದು ಗೂಸ್‌ನೆಕ್‌ನಿಂದ ಕೇವಲ 75 ಸೆಂಟಿಮೀಟರ್ ದೂರದಲ್ಲಿ. ಅಲ್ಲಿಂದ ಎತ್ತಲು ನೇರ ಮೇಲಕ್ಕೆ 40 ಕಿಲೋ ಬಲ ಬೇಕು. ಕಂಬಿ 45 ಡಿಗ್ರಿ ಓರೆಯಿದ್ದರೆ ಅದು 57 ಕಿಲೋ ಒತ್ತಬೇಕು, 30 ಡಿಗ್ರಿಯಾದರೆ 80. ಹಗ್ಗ 11 ಕಿಲೋದಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ಈ ಕಂಬಿ 80 ಕಿಲೋ ಒತ್ತಬೇಕು, ಅದೂ ಅಲೆಯ ಕುಲುಕಾಟವನ್ನು ಬಿಟ್ಟು! ಕಂಬಿಯನ್ನು ಬಿಚ್ಚಿ ಮನೆಯ ತೂಕದ ಯಂತ್ರದ ಮೇಲೆ ನೆಟ್ಟಗೆ ನಿಲ್ಲಿಸಿ ಮೇಲಿಂದ ಒತ್ತಿದೆ. ಮುಳ್ಳು 60ರ ಹತ್ತಿರ ಬರುತ್ತಲೇ ಒಳಗೆ ಜಾರತೊಡಗಿತು. ಗ್ಯಾಸ್ ಸೋರಿರಲಿಲ್ಲ, ವಸ್ತು ಕೆಟ್ಟಿರಲಿಲ್ಲ. ಅದು ಬೇರೆ ದೋಣಿಗೆ ಸರಿಯಾದ ವಸ್ತು, ಅಷ್ಟೇ. ನನಗೆ ದಾಟಿಸಿದರು.

ಈ ಲೆಕ್ಕವನ್ನೆಲ್ಲ ಬರೆದು ಕಳುಹಿಸಿದ್ದಕ್ಕೆ ಬಂದ ಉತ್ತರ ಒಂದೇ ಸಾಲು: “ನಿಮ್ಮ ದೋಣಿಯ ವಿನ್ಯಾಸಕ್ಕೆ ನಾವು ಹೊಣೆಯಲ್ಲ, ಸರ್.” ಹಾಗಾದರೆ ಚಿತ್ರ ಕೇಳಿದ್ದು ಯಾಕೆ? ಹಿಂದಕ್ಕೆ ಪಡೆಯಿರಿ ಎಂದರೆ, ಬೂಮಿಗೆ ರಂಧ್ರ ಕೊರೆದು ಕೂರಿಸಿದ ಮೇಲೆ ಹಿಂದಕ್ಕೆ ಪಡೆಯುವುದಿಲ್ಲವಂತೆ. ಕೊರೆದವರು ಅವರೇ. ಆ ರಂಧ್ರಗಳ ಕಥೆ ಬೇರೆಯೇ ಇದೆ: ಅಲ್ಯೂಮಿನಿಯಂ ಬೂಮಿಗೆ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂಗಳನ್ನು ನಡುವೆ ಯಾವ ಲೇಪವೂ ಇಲ್ಲದೆ ಹಾಗೆಯೇ ತಿರುಗಿಸಿದ್ದಾರೆ. ಉಪ್ಪುನೀರು ತಾಗುವಲ್ಲಿ ಈ ಎರಡು ಲೋಹಗಳನ್ನು ಹೀಗೆ ಒಂದಕ್ಕೊಂದು ತಾಗಿಸಿಟ್ಟರೆ ಅಲ್ಯೂಮಿನಿಯಂ ಸವೆಯುತ್ತದೆ. ಬಿಚ್ಚಿದಾಗ ಆಗಲೇ ಬಿಳಿಯ ಪುಡಿ ಕಾಣುತ್ತಿತ್ತು.

ಬೇರೆ ದಾರಿಗಳನ್ನು ಕೇಳುವವರಿಗೆ ನನ್ನ ಅಭಿಪ್ರಾಯ ಇಷ್ಟು, ಸಿಟ್ಟಿನಲ್ಲಿ ಹೇಳುತ್ತಿದ್ದೇನೆಂದು ತಿಳಿದೇ ಓದಿ. ಬ್ಯಾಕ್‌ಸ್ಟೇಯಿಂದ ಮೋಟು ತಂತಿ ಇಳಿಬಿಟ್ಟು ಬೂಮಿನ ತುದಿಗೆ ಕೊಂಡಿ ಹಾಕುವ ಪದ್ಧತಿ ದಡಕ್ಕೆ ಕಟ್ಟಿದ ದೋಣಿಗೆ ಮಾತ್ರ. ಬಿಚ್ಚಲು ಮರೆತು ಹಾಯಿ ಏರಿಸಿದರೆ ಬೂಮ್ ನಡುವಿನಲ್ಲಿಯೇ ಸಿಕ್ಕಿಬಿದ್ದು, ಗಾಳಿ ಬಂದಾಗ ಹಾಯಿ ಸಡಿಲಿಸಲಾಗದೆ ದೋಣಿ ಮಗುಚುವಂತಾಗುತ್ತದೆ. ಕಾಕ್‌ಪಿಟ್‌ನ ಹಿಂದೆ ನಿಲ್ಲಿಸುವ ಗ್ಯಾಲೋಸ್ ಚೌಕಟ್ಟು ಗಟ್ಟಿಯೇನೋ ಹೌದು, ಆದರೆ ಚಿಕ್ಕ ದೋಣಿಯಲ್ಲಿ ಅದಕ್ಕೆ ಜಾಗವಿಲ್ಲ. ಬಾಗುವ ಫೈಬರ್‌ಗ್ಲಾಸ್ ಕೋಲುಗಳು ಹಗುರವಾದ ಬೂಮಿಗೆ ಸಾಕಾಗಬಹುದು, ಅವಕ್ಕೂ ಇದೇ ಕೋನದ ಲೆಕ್ಕ ಬಿಟ್ಟಿದ್ದಲ್ಲ. ರಿಜಿಡ್ ವ್ಯಾಂಗ್ ಬೇಕೆಂದೇ ಇದ್ದರೆ ಹಾಕಿಸಿ, ಆದರೆ ಕೋನವನ್ನು ನೀವೇ ಅಳೆಯಿರಿ, ಪೆಟ್ಟಿಗೆಯನ್ನು ಯಾರ ಕೈಗೂ ಕೊಡಬೇಡಿ, ಹಗ್ಗವನ್ನು ಇಳಿಸಬೇಡಿ. ಹಗ್ಗಕ್ಕೆ ಒಂದು ಮೊಳ ರಬ್ಬರ್ ಹುರಿ ಸೇರಿಸಿದರೆ ಸಡಿಲವಾದಾಗ ತಾನಾಗಿ ಒಳಸರಿಯುತ್ತದೆ, ಬ್ಯಾಕ್‌ಸ್ಟೇಗೆ ಸುತ್ತಿಕೊಳ್ಳುವ ಕಾಟ ಬಹುಪಾಲು ತಪ್ಪುತ್ತದೆ. ಹಗ್ಗ ಹಾಯಿಕಂಬದ ತುದಿಯ ರಾಟೆಯ ಮೇಲಿಂದ ಹಾದಿದ್ದರೆ, ಹ್ಯಾಲ್ಯಾರ್ಡ್ ತುಂಡಾದ ದಿನ ಅದೇ ಹಗ್ಗದಿಂದ ಹಾಯಿ ಏರಿಸಲೂಬಹುದು. ಇದು ನನಗೆ ಹದಿನಾಲ್ಕು ವರ್ಷಗಳಿಂದ ಗೊತ್ತಿತ್ತು, ಗೊತ್ತಿದ್ದೂ ಕತ್ತರಿಸಿದೆ.

ಹಣ ಇನ್ನೂ ಬಂದಿಲ್ಲ. ನಿನ್ನೆ ಅವರಿಂದ ಕೊನೆಯ ಸಂದೇಶ ಬಂತು: “ಸರ್, ಸುರಕ್ಷತೆಯ ದೃಷ್ಟಿಯಿಂದ ಜೊತೆಗೆ ಒಂದು ಟಾಪಿಂಗ್ ಲಿಫ್ಟ್ ಇಟ್ಟುಕೊಳ್ಳುವುದು ಒಳ್ಳೆಯದು. ರಾಟೆ ಸಮೇತ ನಮ್ಮಲ್ಲಿಯೇ ಸಿಗುತ್ತದೆ, ನಿಮಗೆ ಕಡಿಮೆ ಮಾಡಿ ಕೊಡುತ್ತೇವೆ.” ಉತ್ತರ ಬರೆಯಲಿಲ್ಲ. ಹಗ್ಗವನ್ನು ಬೇರೆ ಕಡೆಯಿಂದ ತಂದೆ, ತಮ್ಮನೇ ಹಾಯಿಕಂಬ ಹತ್ತಿ ಕಟ್ಟಿದ. ಹಳೆಯದರ ತುಂಡುಗಳು ಇನ್ನೂ ಫೆಂಡರ್‌ಗಳಲ್ಲಿವೆ.