ಎಚ್‌ಕೆ ಪಿ7: ಹೊರಗಿನ ಹೊಳಪಿಗಿಂತ ಒಳಗಿನ ಕೊಳವೆ ಮುಖ್ಯ

ಹಳೆಯ ಪಿ7 ಪಿಸ್ತೂಲು ಮಾರಾಟಕ್ಕೆ ಬಂದಾಗ ಹೆಚ್ಚಿನವರು ಮೊದಲು ನೋಡುವುದು ಅದರ ಕಪ್ಪು ಬಣ್ಣ ಎಷ್ಟು ಉಳಿದಿದೆ ಎಂದು. ಅದು ಕೊನೆಗೆ ನೋಡಬೇಕಾದದ್ದು. ಜರ್ಮನಿಯ ಹೆಕ್ಲರ್ ಆ್ಯಂಡ್ ಕಾಕ್ (ಎಚ್‌ಕೆ) ಈ ಪಿಸ್ತೂಲಿನ ತಯಾರಿಕೆ ನಿಲ್ಲಿಸಿ ವರ್ಷಗಳೇ ಆಗಿವೆ. ಬಣ್ಣ ಸವೆದ ಪಿಸ್ತೂಲನ್ನು ಹಾಗೇ ಇಟ್ಟುಕೊಳ್ಳಬಹುದು, ಆದರೆ ಒಳಗಿನ ಬಿಡಿಭಾಗ ಕೆಟ್ಟರೆ ಹುಡುಕಾಟ ಶುರು.

1972ರ ಮ್ಯೂನಿಕ್ ಒಲಿಂಪಿಕ್ಸ್ ದಾಳಿಯ ನಂತರ ಪಶ್ಚಿಮ ಜರ್ಮನಿಯ ಪೊಲೀಸರು ಹೊಸ 9 ಮಿ.ಮೀ. ಪಿಸ್ತೂಲಿಗೆ ಷರತ್ತು ಬರೆದರು. ತೆಗೆದ ತಕ್ಷಣ ಗುಂಡು ಹಾರಿಸಲು ಬರಬೇಕು, ಕೈಯಿಂದ ಸರಿಸುವ ಸೇಫ್ಟಿ ಇರಬಾರದು, ಬಿದ್ದರೆ ಸಿಡಿಯಬಾರದು. ವಾಲ್ಟರ್‌ನ ಪಿ5, ಸಿಗ್ ಸಾವರ್‌ನ ಪಿ6 ಬಂದದ್ದೂ ಇದೇ ಬೇಡಿಕೆಯಿಂದ. ಆ ಎರಡೂ ಪಳಗಿದ ದಾರಿಯಲ್ಲೇ ಹೋದವು. ಪಿ7 ಮಾತ್ರ ಹಿಡಿಕೆಯನ್ನೇ ಸೇಫ್ಟಿ ಮಾಡಿತು. ಹಿಡಿಕೆಯ ಮುಂಭಾಗದ ಅಗಲವಾದ ಲಿವರ್ ಅನ್ನು ಸುಮಾರು 7 ಕೆ.ಜಿ. ಬಲದಿಂದ ಅದುಮಿದರೆ ಗುಂಡಿನ ಬುಡಕ್ಕೆ ಬಡಿಯುವ ಫೈರಿಂಗ್ ಪಿನ್ ಎಳೆದು ನಿಲ್ಲುತ್ತದೆ. ಆಮೇಲೆ ಒಂದು ಕೆ.ಜಿ.ಗಿಂತ ಕಡಿಮೆ ಬಲ ಸಾಕು, ಹಾಗೇ ಹಿಡಿದುಕೊಂಡಿರಬಹುದು. ಕೈ ಸಡಿಲಿಸಿದರೆ ಪಿನ್ ಇಳಿದುಬಿಡುತ್ತದೆ. ಟ್ರಿಗರ್‌ನ ಎಳೆತ ಚಿಕ್ಕದು, ಪ್ರತಿ ಸಲ ಒಂದೇ ಭಾರದಲ್ಲಿ ಬಿಡುತ್ತದೆ. ಈ ಗಾತ್ರದ ಪೊಲೀಸ್ ಪಿಸ್ತೂಲುಗಳಲ್ಲಿ ಇಷ್ಟು ಒಳ್ಳೆಯ ಟ್ರಿಗರ್ ಅಪರೂಪ.

ಅಪಾಯ ಇರುವುದೂ ಇಲ್ಲೇ. ಹೋಲ್‌ಸ್ಟರ್‌ಗೆ ಹಾಕುವಾಗ ಲಿವರ್ ಅದುಮಿಯೇ ಹಿಡಿದಿದ್ದರೆ ಅದು ಸಿದ್ಧವಾಗಿ ನಿಂತ ಪಿಸ್ತೂಲು. ಲಿವರ್ ಬಿಟ್ಟು ಆಮೇಲೆ ಒಳಗಿಳಿಸುವುದು, ಅದುಮುವಾಗ ಬೆರಳು ಟ್ರಿಗರ್‌ನಿಂದ ಹೊರಗಿರುವುದು, ಇವೆರಡು ರೂಢಿಯಾಗುವವರೆಗೆ ತುಂಬಿದ ಪಿ7 ಯಾರ ಕೈಗೂ ಬೇಡ.

ಇನ್ನು ಕೊಳವೆಯ ಮಾತು. ನಳಿಗೆ ಅಲುಗುವುದಿಲ್ಲ, ಫ್ರೇಮ್‌ಗೆ ಕಚ್ಚಿ ಕೂತಿದೆ. ಗುಂಡು ಕೂರುವ ಚೇಂಬರ್‌ನ ಸ್ವಲ್ಪ ಮುಂದೆ ಒಂದು ಸಣ್ಣ ರಂಧ್ರ. ಗುಂಡು ಹಾರಿದಾಗ ಅನಿಲ ಅದರ ಮೂಲಕ ನಳಿಗೆಯ ಕೆಳಗಿನ ಕೊಳವೆಗೆ, ಅಂದರೆ ಸಿಲಿಂಡರ್‌ಗೆ, ನುಗ್ಗುತ್ತದೆ. ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಸರಿಯುವ ಸ್ಲೈಡ್‌ನ ಮುಂತುದಿಗೆ ತೂಗುಬಿದ್ದ ಪಿಸ್ಟನ್ ಅದೇ ಸಿಲಿಂಡರ್‌ನೊಳಗೆ ಹಿಂದೆ ಸರಿಯಲು ನೋಡುತ್ತದೆ, ಅನಿಲ ತಡೆಯುತ್ತದೆ. ಸೈಕಲ್ ಪಂಪಿನ ಬಾಯಿಗೆ ಬೆರಳಿಟ್ಟು ಒತ್ತಿದ ಹಾಗೆ. ಗುಂಡು ಹೊರಬಿದ್ದು ಒತ್ತಡ ಇಳಿದ ಮೇಲೆ ಸ್ಲೈಡ್ ಹಿಂದೆ ಹೋಗುತ್ತದೆ. ನಳಿಗೆ ಕೈಗೆ ಅಷ್ಟು ತಗ್ಗಿನಲ್ಲಿ ಕೂತಿರುವುದು, ಒದೆತ ಮೆತ್ತಗಿರುವುದು, ಗುಂಡು ಹೇಳಿದ ಜಾಗಕ್ಕೇ ಬೀಳುವುದು ಎಲ್ಲವೂ ಇದರಿಂದ.

ಇದಕ್ಕೆ ತೆರಬೇಕಾದ ಬೆಲೆ ಬಿಸಿ ಮತ್ತು ಮಸಿ. ನಾಲ್ಕಾರು ಮ್ಯಾಗಜೀನ್ ಒಂದರ ಹಿಂದೊಂದು ಖಾಲಿ ಮಾಡಿದರೆ ಟ್ರಿಗರ್‌ನ ಮೇಲಿನ ಲೋಹ ಬೆರಳಿಗೆ ಚುರುಕ್ಕೆನ್ನುತ್ತದೆ. ಸಿಲಿಂಡರ್‌ನಲ್ಲಿ ಮಸಿ ಗಟ್ಟಿಯಾಗಿ ಕಟ್ಟಿದರೆ ಪಿಸ್ಟನ್ ಬಿಗಿಯಾಗಿ ಸ್ಲೈಡ್ ಪೂರ್ತಿ ಮುಂದೆ ಬರುವುದಿಲ್ಲ. ಲೋಹದ ಕವಚವಿಲ್ಲದ ಬರಿ ಸೀಸದ ಗುಂಡು ಇದಕ್ಕೆ ಆಗಿಬರುವುದೇ ಇಲ್ಲ. ಸೀಸದ ಚೂರು ರಂಧ್ರಕ್ಕೂ ಸಿಲಿಂಡರ್‌ಗೂ ಹೋಗಿ ಅಂಟುತ್ತದೆ. ಸಿಲಿಂಡರ್‌ಗೆ ಎಣ್ಣೆ ಹಾಕುವುದು ಇನ್ನೊಂದು ಸಾಮಾನ್ಯ ತಪ್ಪು. ಎಣ್ಣೆ ಸುಟ್ಟು ಮಸಿಯ ಜೊತೆ ಕಲ್ಲಾಗುತ್ತದೆ. ಕೆರೆದು, ಬ್ರಷ್ ಹಾಕಿ, ಒಣಗಿಸಿ ಬಿಡಬೇಕು.

ಪರೀಕ್ಷೆ ಹೀಗೆ. ಮ್ಯಾಗಜೀನ್ ತೆಗೆದು, ಸ್ಲೈಡ್ ಹಿಂದೆಳೆದು, ಚೇಂಬರ್ ಖಾಲಿ ಇದೆಯೇ ಎಂದು ಕಣ್ಣಲ್ಲೂ ಬೆರಳಲ್ಲೂ ನೋಡಿ. ಲಿವರ್ ಅದುಮಿದಾಗ ಫೈರಿಂಗ್ ಪಿನ್ನಿನ ಬಾಲ ಸ್ಲೈಡ್‌ನ ಹಿಂದೆ ಇಣುಕಬೇಕು, ಬಿಟ್ಟಾಗ ಒಳಗೆ ಹೋಗಬೇಕು. ಬಿಟ್ಟ ಮೇಲೆ ಟ್ರಿಗರ್ ಎಳೆದರೆ ಏನೂ ಆಗಬಾರದು. ಮತ್ತೆ ಹಿಂಭಾಗದ ಎಡಬದಿಯ ಗುಂಡಿ ಒತ್ತಿ, ಸ್ಲೈಡ್ ಹಿಂದೆಳೆದು, ಹಿಂತುದಿ ಮೇಲೆತ್ತಿ ಮುಂದಕ್ಕೆ ಜಾರಿಸಿ. ಪಿಸ್ಟನ್ ತನ್ನ ಪಿನ್ನಿನ ಮೇಲೆ ಸಲೀಸಾಗಿ ಓಲಾಡಬೇಕು. ಪಿಸ್ಟನ್‌ನ ಮೈ ಮೇಲೆ ಗೀರು, ತುಕ್ಕಿನ ಗುಳಿ ಇದ್ದರೆ ಬೆಲೆ ಇಳಿಸಲು ಹೇಳಿ, ಇಲ್ಲವೇ ಬಿಡಿ. ಸಿಲಿಂಡರ್‌ಗೆ ಸಣ್ಣ ಟಾರ್ಚ್ ಬಿಡಿ. ಚೇಂಬರ್ ಗೋಡೆಯಲ್ಲಿ ಉದ್ದುದ್ದ ಗೀರುಗಳು ಕಂಡರೆ ಗಾಬರಿ ಬೇಡ, ತೋಟೆಯ ಖಾಲಿ ಚಿಪ್ಪು (ಕೇಸ್) ಸುಲಭವಾಗಿ ಬಿಡಲೆಂದು ಕಾರ್ಖಾನೆಯಲ್ಲೇ ಕೊರೆದ ತೋಡುಗಳು ಅವು. ಹಾರಿಸಿದ ಕೇಸ್ ಮೇಲೆ ಕಪ್ಪು ಪಟ್ಟೆಗಳು ಮೂಡುವುದೂ ಅದರಿಂದಲೇ.

ಸ್ಲೈಡ್ ಮತ್ತು ಫ್ರೇಮ್ ಸಂಖ್ಯೆ ಒಂದೇ ಇರಲಿ. ಉಲ್ಮ್ ಪರೀಕ್ಷಾಲಯದ ಜಿಂಕೆ ಕೊಂಬಿನ ಮುದ್ರೆಯ ಹತ್ತಿರ ವರ್ಷ ಹೇಳುವ ಎರಡು ಅಕ್ಷರ ಸಿಗುತ್ತದೆ: ಎ ಎಂದರೆ 0, ಬಿ 1, ಹೀಗೆ ಐ 8, ಜೆ ಬಿಟ್ಟು ಕೆ 9. ‘ಐಇ’ ಇದ್ದರೆ 1984. ಮುದ್ರೆಯ ಅಂಚು ಮಸುಕಾಗಿ, ಬಣ್ಣ ಮಾತ್ರ ಹೊಚ್ಚ ಹೊಸದಾಗಿದ್ದರೆ ಉಜ್ಜಿ ಮತ್ತೆ ಬಣ್ಣ ಹಾಕಿದ್ದಾರೆ ಎಂದೇ ಲೆಕ್ಕ. ಅಂಥದ್ದಕ್ಕಿಂತ ಹೋಲ್‌ಸ್ಟರ್ ಸವೆತದ ಹಳೇ ಪೊಲೀಸ್ ಪಿಸ್ತೂಲು ಎಷ್ಟೋ ಮೇಲು.

ಯಾವುದನ್ನು ಕೊಳ್ಳುವುದು? ಮೊದಲ ರೂಪ ಪಿಎಸ್‌ಪಿ. ಅದರ ಮ್ಯಾಗಜೀನ್ ಬೀಗ ಹಿಡಿಕೆಯ ಬುಡದಲ್ಲಿ, ಬಿಸಿಗೆ ಮರೆ ಇಲ್ಲ. ಆಮೇಲಿನ ಎಂ8ನಲ್ಲಿ ಬೀಗ ಟ್ರಿಗರ್ ಗಾರ್ಡ್ ಹಿಂದಕ್ಕೆ, ಎರಡೂ ಬದಿಗೆ ಬಂತು, ಟ್ರಿಗರ್ ಮೇಲೆ ಪ್ಲಾಸ್ಟಿಕ್ ಮರೆ ಬಂತು. ಎರಡರಲ್ಲೂ 8 ಗುಂಡು, ಆದರೆ ಬೀಗ ಬೇರೆಯಾದ್ದರಿಂದ ಮ್ಯಾಗಜೀನ್ ಕೊಳ್ಳುವಾಗ ಯಾವುದರದ್ದೆಂದು ಕೇಳಿಯೇ ಕೊಳ್ಳಿ. ಹಾರಿಸಲು ಎಂ8, ಇಟ್ಟುಕೊಳ್ಳಲು ಪಿಎಸ್‌ಪಿ. 13 ಗುಂಡಿನ ಎಂ13ರ ಹಿಡಿಕೆ ಚಿಕ್ಕ ಕೈಗೆ ದಪ್ಪ. ಅಷ್ಟು ದಪ್ಪದ ಹಿಡಿಕೆಯನ್ನು ಅದುಮುವುದೂ ಕಷ್ಟ. .40 ಕ್ಯಾಲಿಬರಿನ ಎಂ10ರ ಭಾರದ ಸ್ಲೈಡ್ ಈ ವಿನ್ಯಾಸದ ಅಂದವನ್ನೇ ಕೆಡಿಸಿದೆ. ಕೆ3 ಬೇರೆಯೇ ಜಾತಿ: ಅನಿಲದ ಬದಲು ಎಣ್ಣೆಯ ಬಫರ್, ನಳಿಗೆ ಬದಲಿಸಿ .22, .32, .380 ಕ್ಯಾಲಿಬರ್ ಗುಂಡು ಹಾರಿಸಬಹುದು. ನಳಿಗೆ ಬದಲಿಸುವ ಕಿಟ್ ಪೂರ್ತಿ ಇಲ್ಲದ ಕೆ3ಗೆ ಪೂರ್ತಿ ಬೆಲೆ ಕೊಡಬೇಡಿ.

ಪೆಟ್ಟಿಗೆಯ ಜೊತೆ ಬಂದಿದ್ದ ಸಿಲಿಂಡರ್ ಕೆರೆಯುವ ಉಪಕರಣ ಇದೆಯೇ ಎಂದು ಕೇಳಿ. ಅದು ಎಂದೂ ಬಳಸದ ಹಾಗೆ ಫಳಫಳ ಇದ್ದು, ಪಿಸ್ತೂಲು ಮಾತ್ರ ಚೆನ್ನಾಗಿ ಸವೆದಿದ್ದರೆ ಸ್ಲೈಡ್ ಬಿಚ್ಚದೆ ದುಡ್ಡು ಎಣಿಸಬೇಡಿ.